ಸದ್ದಿಲ್ಲದ ಕೋಣೆ

ಟೇಬಲ್ ಲ್ಯಾಂಪನ್ನು ಎರಡು ಕೈಯಲ್ಲೂ ಹಿಡಿದುಕೊಂಡು ಕೆಳಮನೆಯ ಅಕ್ಕ ಅವನ ಮುಖದ ಮುಂದೆ ಅತ್ತಿಂದಿತ್ತ ಓಡಾಡಿದಳು. ಎಡದಿಂದ ಬೆಳಕು ಬಿದ್ದರೆ ಅವನು ಕಳ್ಳನ ಹಾಗೆ ಕಾಣುತ್ತಿದ್ದ. ಬಲದಿಂದ ಬಿದ್ದರೆ ಕಳ್ಳತನದಲ್ಲಿ ಎಲ್ಲವನ್ನೂ ಕಳೆದುಕೊಂಡವನ ಹಾಗೆ.

“ನೆಟ್ಟಗೆ ಕೂರು ತಮ್ಮಾ. ಕೆಲಸ ಕೇಳೋನ ಮುಖ ಇಷ್ಟೊಂದು ಬಾಡಿರಬಾರದು.”

ಬಾಡದೆ ಏನು ಮಾಡೀತು? ಕಾಲುಗಳು ಸ್ವಾಧೀನ ತಪ್ಪಿ ಏಳು ವರ್ಷ. ಮನೆ ಮೂರನೇ ಮಹಡಿ, ಲಿಫ್ಟಿಲ್ಲ. ಈವರೆಗೆ ಕರೆ ಬಂದ ಕೆಲಸಗಳೆಲ್ಲ ಮೆಟ್ಟಿಲ ತುದಿಯಲ್ಲೇ ಮುಗಿದಿದ್ದವು. ಕೋಣೆ ಬಿಟ್ಟು ಕದಲಬೇಕಿಲ್ಲದ ಕೆಲಸ ಇದೊಂದೇ. ವಾಷಿಂಗ್ ಮೆಷಿನ್ ಕಂಪನಿಗೆ ಬರುವ ದೂರಿನ ಕರೆಗಳಿಗೆ ಮನೆಯಲ್ಲೇ ಕೂತು ಉತ್ತರ ಕೊಡುವುದು. ಷರತ್ತೂ ಒಂದೇ, ಕೋಣೆಯಲ್ಲಿ ಸದ್ದಿರಬಾರದು.

ಆ ಹೊಣೆಯನ್ನು ಎದುರುಮನೆಯ ನಿವೃತ್ತ ಡ್ರಿಲ್ ಮೇಷ್ಟ್ರು ಹೊತ್ತಿದ್ದರು. ಮೆಟ್ಟಿಲ ಮೇಲೆ ಯಾರ ಚಪ್ಪಲಿ ಸದ್ದಾದರೂ ಸೀಟಿ ಊದುತ್ತಿದ್ದರು. ಆ ಕಟ್ಟಡದಲ್ಲಿ ಅಷ್ಟು ಗದ್ದಲ ಯಾವತ್ತೂ ಆಗಿರಲಿಲ್ಲ.

ಲ್ಯಾಪ್‌ಟಾಪಿನಲ್ಲಿ ಸಂದರ್ಶನ ಮಾಡುವ ಹೆಂಗಸು ಕಾಣಿಸಿಕೊಂಡಳು. ತಾನು ಗಿರಾಕಿಯ ಹಾಗೆ ಬೈಯುವುದಾಗಿಯೂ ಅವನು ಸಮಾಧಾನ ಮಾಡಬೇಕೆಂದೂ ಹೇಳಿ, ಮೆಷಿನ್ನಿನಿಂದ ನೀರು ಹರಿದು ಮನೆಯೆಲ್ಲ ಕೆರೆಯಾಗಿದೆಯೆಂದು ಕೂಗಾಡತೊಡಗಿದಳು. ಅವನು ಕ್ಷಮಿಸಿ ಎಂದ. ಅವಳು ಇನ್ನಷ್ಟು ಬೈದಳು. ಅವನು ಇನ್ನಷ್ಟು ಕ್ಷಮೆ ಕೇಳಿದ. ಐದನೇ ಕ್ಷಮೆಗೆ ಲ್ಯಾಂಪು ಲ್ಯಾಪ್‌ಟಾಪಿನತ್ತ ವಾಲಿತು.

“ರೀ, ಮೊದಲು ನಲ್ಲಿ ನಿಲ್ಲಿಸಿ,” ಎಂದಳು ಅಕ್ಕ. “ಆಮೇಲೆ ಬೈಯೋರಂತೆ. ನಾನೆಲ್ಲೂ ಹೋಗಲ್ಲ.”

ಹೊರಗೆ ಸೀಟಿ ಕೂಡ ನಿಂತಿತು.

ಆ ಹೆಂಗಸು ಅದು ಯಾರೆಂದು ಕೇಳಿ, ಲ್ಯಾಪ್‌ಟಾಪನ್ನು ಆ ಕಡೆ ತಿರುಗಿಸಲು ಹೇಳಿದಳು. ಅವನು ತಿರುಗಿಸಿದ. ಅತ್ತೆ ಹಾಸಿಗೆ ಹಿಡಿದು ಹನ್ನೊಂದು ವರ್ಷವಾಯಿತು, ತಾನು ಈ ಕಟ್ಟಡದ ಮೆಟ್ಟಿಲು ದಾಟಿ ಹೋದವಳಲ್ಲ, ಅತ್ತೆಯ ಬಾಯಿ ಕೇಳಿ ಕೇಳಿ ಈಗ ಯಾವ ಬೈಗುಳವೂ ನಾಟುವುದಿಲ್ಲ ಎಂದು ಅಕ್ಕ ಸಂಕೋಚದಿಂದ ಹೇಳಿಕೊಂಡಳು. ಹೊರಗೆ ಹೋಗಲಾಗದ ನಿಮ್ಮಂಥವರಿಗೆಂದೇ ಈ ಕೆಲಸ ಇರುವುದು ಎಂದು ಆ ಹೆಂಗಸು ಕಣ್ಣೊರೆಸಿಕೊಂಡಳು. ಇದ್ದದ್ದು ಒಂದೇ ಕೆಲಸ, ಅದು ಅಕ್ಕನದಾಯಿತು.

ಅಷ್ಟು ಹೊತ್ತಿಗೆ ಲ್ಯಾಂಪು ಅವನ ಕೈಗೆ ಬಂದಿತ್ತು.

ಸಂಜೆ ಅಕ್ಕ ಮತ್ತೆ ಹತ್ತಿ ಬಂದಳು. ಅವಳ ಮನೆಯಲ್ಲಿ ಸದ್ದಿಲ್ಲದ ಜಾಗವೆಲ್ಲಿ? ಗಳಿಗೆಗೊಮ್ಮೆ ಅತ್ತೆ ಚಮಚದಿಂದ ಲೋಟ ಬಡಿದು ಕರೆಯುತ್ತಾಳೆ.

“ನಿನ್ನ ಕೋಣೆ ಕೊಡು ತಮ್ಮಾ. ಹಗಲೆಲ್ಲ ನೀನು ಕೆಳಗೆ ನಮ್ಮತ್ತೆ ಹತ್ತಿರ ಕೂತಿರು. ಸಂಬಳದಲ್ಲಿ ಅರ್ಧ ನಿನಗೆ.”

ಏಳು ವರ್ಷದಲ್ಲಿ ಅವನಿಗೆ ಸಿಕ್ಕ ಮೊದಲ ಕೆಲಸ. ಅದೂ ಮೆಟ್ಟಿಲಿಳಿದು ಹೋಗಬೇಕಾದದ್ದು. ಅವನು ಹೂಂ ಎಂದ.

ಮೇಷ್ಟ್ರು ಅವನನ್ನು ಮೂಟೆಯಂತೆ ಬೆನ್ನಿಗೆ ಹಾಕಿಕೊಂಡು, ಮೆಟ್ಟಿಲಿಗೊಂದು ಸೀಟಿ ಊದುತ್ತ ಇಳಿದರು. ಮುದುಕಿಯ ಹಾಸಿಗೆಯ ಪಕ್ಕದ ಕುರ್ಚಿಯಲ್ಲಿ ಅವನನ್ನು ಕೂರಿಸಿ, ಸೊಂಟ ಹಿಡಿದುಕೊಂಡು ಗೋಡೆಗೊರಗಿದರು. ಅವನನ್ನು ಮತ್ತೆ ಮೇಲೆ ಹತ್ತಿಸುವ ಮಾತು ಇನ್ನು ಯಾರೂ ಎತ್ತುವಂತಿರಲಿಲ್ಲ.

ಮುದುಕಿ ಅವನನ್ನು ಅಡಿಯಿಂದ ಮುಡಿಯವರೆಗೆ ನೋಡಿದಳು.

“ನೀರು ಕೇಳಿದರೆ ಎದ್ದು ತಂದುಕೊಡ್ತೀಯಾ?”

“ಕ್ಷಮಿಸಿ,” ಎಂದ ಅವನು.

ಮುದುಕಿ ಲೋಟವನ್ನೊಮ್ಮೆ ಬಡಿದು, ಅವರ ಹಿಂದೆಯೇ ಇಳಿದು ಬಂದಿದ್ದ ಸೊಸೆಯ ಕಡೆ ತಿರುಗಿದಳು.

“ಇವನು ಬೇಡ.”