ರುಚಿ ನೋಡದ ಅಡುಗೆಯವಳು

ಇಂದ:
ಹತ್ತೊಂಬತ್ತು ವರ್ಷ ಸಾರಿನ ಒಲೆಯ ಮುಂದಿದ್ದು, ಕಳೆದ ತಿಂಗಳಿಂದ ಸೌತೆಕಾಯಿ ಹೆಚ್ಚುತ್ತಿರುವವಳು,
ಕಚೇರಿ ಕ್ಯಾಂಟೀನು, ನೆಲಮಹಡಿ.

ಗೆ:
ಕ್ಯಾಂಟೀನು ವ್ಯವಸ್ಥಾಪಕರು,
ಅದೇ ಕಟ್ಟಡ, ನಾಲ್ಕನೇ ಮಹಡಿ (ಒಗ್ಗರಣೆಯ ಘಮ ತಲುಪುವ ಕೊನೆಯ ಮಹಡಿ).

ವಿಷಯ: ಭಾರತೀಯ ಅಡುಗೆ ಪರೀಕ್ಷೆಯಲ್ಲಿ ಭಾರತೀಯಳಾದ ನಾನು ನಪಾಸಾದ ಬಗ್ಗೆ.

ಉಲ್ಲೇಖ: 1. "ಪ್ರಮಾಣಪತ್ರವಿಲ್ಲದವರು ಒಲೆ ಮುಟ್ಟತಕ್ಕದ್ದಲ್ಲ" ಎಂಬ ತಮ್ಮ ನೋಟೀಸು.
2. ಸದರಿ ನೋಟೀಸಿನ ಮೇಲಿನ ಅರಿಸಿನದ ಕಲೆ. (ಅದು ನನ್ನದೇ.)

ಮಾನ್ಯರೇ,

ಮೇಲ್ಕಂಡ ವಿಷಯಕ್ಕೆ ಸಂಬಂಧಿಸಿದಂತೆ, ಚಾಕು ಕೆಳಗಿಟ್ಟು, ಕೈ ತೊಳೆದುಕೊಂಡು ಅರಿಕೆ ಮಾಡಿಕೊಳ್ಳುವುದೇನೆಂದರೆ:

1. ನಾನು ಈ ಪರದೇಶಕ್ಕೆ ಬಂದು ಕೆಲಸಕ್ಕೆ ಸೇರಿದಾಗ ಇಲ್ಲಿ ಸಾರು ಎಂಬ ಪದಾರ್ಥವಿರಲಿಲ್ಲ. ಇದ್ದದ್ದು ನನ್ನ ಬುತ್ತಿಡಬ್ಬಿಯಲ್ಲಿ ಮಾತ್ರ. ಮೊದಲ ದಿನ ಡಬ್ಬಿ ತೆಗೆದಾಗ ಲಿಫ್ಟ್ ರಿಪೇರಿಯವರು ಎದ್ದು ಕಿಟಕಿ ತೆರೆದರು. ಮೂರನೇ ದಿನ ಅವರೇ ಕಿಟಕಿ ಮುಚ್ಚಿ ಲೋಟ ಹಿಡಿದು ಬಂದರು. ಒಂದು ಲೋಟ ಹತ್ತಾಯಿತು, ಹತ್ತು ಲೋಟ ಹಂಡೆಯಾಯಿತು. ಈಗ ಹನ್ನೊಂದು ದೇಶದವರು ಸಾಲಿನಲ್ಲಿ ನಿಲ್ಲುತ್ತಾರೆ. ನಮ್ಮ ಭಾಷೆಯಲ್ಲಿ ಅವರಿಗೆ ಬರುವುದು ಎರಡೇ ಮಾತು: "ಸಾರು", "ಇನ್ನೂ ಸ್ವಲ್ಪ".

2. ಪ್ರಪಂಚದಲ್ಲೆಲ್ಲ ನಮ್ಮ ಅಡುಗೆಗೆ ಬೇಡಿಕೆ ಬಂದಿರುವ ಕಾರಣ, ಅದನ್ನು ಶಾಸ್ತ್ರೋಕ್ತವಾಗಿ ಮಾಡಿಸಬೇಕೆಂದು ತಾವು ಪರೀಕ್ಷಕರೊಬ್ಬರನ್ನು ಕರೆಸಿದಿರಿ. ಅವರು ಈ ಅಡುಗೆಯನ್ನು ಆರು ವಾರ ಓದಿದವರು. ಒಳ್ಳೆಯವರು. ನನ್ನ ಸಾರನ್ನು ಮೂರು ಬಟ್ಟಲು ಕುಡಿದು, ಹಣೆ ಒರೆಸಿಕೊಂಡು, ನನ್ನನ್ನು ನಪಾಸು ಮಾಡಿದರು.

3. ಕಾರಣ ಕೇಳಲಾಗಿ, "ನೀವು ಒಂದು ಸಲವೂ ರುಚಿ ನೋಡಲಿಲ್ಲ. ನಾಲ್ಕು ಸಲ ನೋಡ್ಬೇಕು ಅಂತ ನಿಯಮ ಇದೆ" ಎಂದರು.

"ಬಡಿಸೋ ಮುಂಚೆ ಬಾಯಿಗಿಟ್ಟರೆ ಎಂಜಲಾಗುತ್ತೆ. ನಮ್ಮಮ್ಮ ನೋಡ್ತಿರಲಿಲ್ಲ, ನಾನೂ ನೋಡಲ್ಲ" ಎಂದೆ.

"ಮತ್ತೆ ಉಪ್ಪು ಹೇಗೆ ಗೊತ್ತಾಗುತ್ತೆ?"

"ಮೂಸಿದರೆ ಗೊತ್ತಾಗುತ್ತೆ."

"ಉಪ್ಪಿಗೆ ವಾಸನೆ ಇಲ್ವಲ್ಲ."

"ಉಪ್ಪಿಗಿಲ್ಲ. ಉಪ್ಪು ಬಿದ್ದ ಸಾರಿಗಿದೆ."

ಇದನ್ನು ಅವರು ಬರೆದುಕೊಂಡರು. ಅಂಕ ಮಾತ್ರ ಕೊಡಲಿಲ್ಲ.

4. ಆದ್ದರಿಂದ ನನ್ನ ಒಲೆ ಪಾಸ್ತಾ ಅಡುಗೆಯವರ ಪಾಲಾಯಿತು. ಅವರು ಹದಿನಾಲ್ಕು ಸಲ ರುಚಿ ನೋಡಿ ಮೊದಲ ದರ್ಜೆಯಲ್ಲಿ ಪಾಸಾದವರು. ಪಾಪ, ಅವರನ್ನು ದೂರಲು ಮನಸ್ಸಿಲ್ಲ. ದಿನಾ ಬೆಳಗ್ಗೆ ಸೌಟು ಹಿಡಿದು ನನ್ನ ಮೇಜಿಗೆ ಬರುತ್ತಾರೆ: "ಅಕ್ಕಾ, ಒಂದ್ಸಲ ಮೂಸಿ ಹೇಳಿ." ನಾನು ಹೇಳುತ್ತೇನೆ. ಕಾರಣ, ಒಲೆ ಮುಟ್ಟಬಾರದೆಂದು ನೋಟೀಸಿನಲ್ಲಿದೆ, ಉಸಿರಾಡಬಾರದೆಂದಿಲ್ಲ.

5. ಮರುಪರೀಕ್ಷೆಗೆ ಅಭ್ಯಾಸವಾಗಲೆಂದು ಭಾನುವಾರ ಮನೆಯಲ್ಲಿ ಚಮಚ ಹಿಡಿದು ನಾಲ್ಕು ಸಲ ರುಚಿ ನೋಡಿದೆ. ಮೊದಲ ಸಲ ಸರಿಯಿತ್ತು. ಎರಡನೆಯ ಸಲ ಅನುಮಾನ ಬಂತು. ಮೂರನೆಯ ಸಲ ಉಪ್ಪು ಹಾಕಿದೆ, ನಾಲ್ಕನೆಯ ಸಲ ನೀರು. ಮಗಳು ಎರಡು ತುತ್ತು ಉಂಡು, "ಅಮ್ಮಾ, ಹುಷಾರಿಲ್ವಾ?" ಎಂದಳು. ಚಮಚ ತೊಳೆದಿಟ್ಟು ಅತ್ತುಬಿಟ್ಟೆ. ಒಲೆ ಹೋಯಿತೆಂದಲ್ಲ. ಅಮ್ಮ ನನಗೆ ಬಿಟ್ಟುಹೋದದ್ದು ಈ ಮೂಗೊಂದೇ, ಅದನ್ನೂ ನಂಬದೆ ಹೋದೆನಲ್ಲ ಎಂದು.

ಆದ್ದರಿಂದ, ಈ ಎಲ್ಲ ಕಾರಣಗಳನ್ನು ಪರಿಶೀಲಿಸಿ, ನನ್ನ ಒಲೆಯನ್ನು ನನಗೆ ಮರಳಿ ಕೊಡಿಸಬೇಕು. ನಿಯಮ ಅಡ್ಡ ಬಂದಲ್ಲಿ, "ಮೂಸುವವಳು" ಎಂಬ ಹೊಸ ಹುದ್ದೆಯನ್ನು ಸೃಷ್ಟಿಸಿ ನನ್ನನ್ನು ನೇಮಿಸಬೇಕು. ಆ ಕೆಲಸವನ್ನು ಈಗಾಗಲೇ ಮಾಡುತ್ತಿರುವುದರಿಂದ ತರಬೇತಿ ಬೇಕಾಗುವುದಿಲ್ಲ.

ತಮ್ಮ ವಿಶ್ವಾಸಿ,
ಸೌತೆಕಾಯಿ ಮೇಜಿನಿಂದ

ಲಗತ್ತುಗಳು:
1. ಅಂಕಪಟ್ಟಿ.
2. ಪರೀಕ್ಷಕರು ಖಾಲಿ ಮಾಡಿದ ಬಟ್ಟಲು, ಮೂರು. (ಸಾಕ್ಷ್ಯವಾದ ಕಾರಣ ತೊಳೆದಿಲ್ಲ.)
3. ಲಿಫ್ಟ್ ರಿಪೇರಿಯವರ ಬೆಂಬಲ ಪತ್ರ, ಸಾರಿನ ಕಲೆ ಸಹಿತ.

ತುರ್ತು: ಪಾಸ್ತಾದವರಿಗೆ ಇಂದು ಜೋರು ನೆಗಡಿ. ಹದಿನಾಲ್ಕು ಸಲ ರುಚಿ ನೋಡಿ, ಎಲ್ಲ ಸರಿಯಿದೆ ಎಂದು ಹೇಳಿ ಔಷಧಿ ತರಲು ಹೋಗಿದ್ದಾರೆ. ಗಡಿಬಿಡಿಯಲ್ಲಿ ನನ್ನ ಮೇಜಿಗೆ ಬರಲಿಲ್ಲ. ಹಂಡೆಗೆ ಉಪ್ಪೇ ಬಿದ್ದಿಲ್ಲ, ಇಲ್ಲಿಗೇ ಗೊತ್ತಾಗುತ್ತಿದೆ. ಈಗ ಹನ್ನೊಂದೂಮುಕ್ಕಾಲು. ಹನ್ನೆರಡೂವರೆಗೆ ಜನ ಬಂದು ಕೂರುತ್ತಾರೆ. ಹನ್ನೆರಡೂಕಾಲಿನವರೆಗೆ ತಮ್ಮ ಆದೇಶಕ್ಕೆ ಕಾಯುತ್ತೇನೆ. ಬಾರದಿದ್ದಲ್ಲಿ ನಾನೇ ಹೋಗಿ ಉಪ್ಪು ಹಾಕಲಿದ್ದೇನೆ. ಸದರಿ ಕೃತ್ಯವನ್ನು ಶಿಸ್ತು ಉಲ್ಲಂಘನೆಯೆಂದು ದಾಖಲಿಸಿಕೊಂಡು, ನನ್ನನ್ನು ವಜಾ ಮಾಡುವುದಾದರೆ ಎಲ್ಲರ ಊಟ ಮುಗಿದ ಮೇಲೆ ಮಾಡಬೇಕಾಗಿ ಕೋರಿಕೆ.