ಹಲ್ಲಿನ ದವಾಖಾನೆಯ ಕುರ್ಚಿ

"ದಿನಾ ಆ ಕುರ್ಚಿ ಒರಸ್ತೀರಿ. ಒಂದಿನ ಅದರಾಗ ಕುಂತ ಬರ್ರಿ."

ಇದು ನನ್ನ ಹೆಂಡತಿ ನನಗೆ ಹೇಳಿದ ಕಡೇ ಮಾತು. ಬಾಗಿಲಲ್ಲಿ ನಿಂತು ಹೇಳಿದಳು. ನಾನು "ಹೂಂ" ಅಂದೆ. ಚಪ್ಪಲಿ ಮೆಟ್ಟಿಕೊಂಡು ಹೋದೆ. ಮಧ್ಯಾಹ್ನ ಫೋನ್ ಬಂತು. ಎದೆ ನೋಯುತ್ತದೆ ಅಂತ ಪಕ್ಕದ ಮನೆಯವರಿಗೆ ಹೇಳಿದ್ದಳಂತೆ. ನಾನು ಮನೆ ಮುಟ್ಟುವಷ್ಟರಲ್ಲಿ ಎಲ್ಲಾ ಮುಗಿದಿತ್ತು.

ಕುರ್ಚಿ ಅಂದರೆ ಹಲ್ಲು ನೋಡುವ ಕುರ್ಚಿ. ಹಾನಗಲ್ಲಿನ ಒಂದು ಹಲ್ಲಿನ ದವಾಖಾನೆಯಲ್ಲಿ ನಾನು ಬಾಗಿಲಲ್ಲಿ ಇರುವವನು. ಚೀಟಿ ಬರೆಯುತ್ತೇನೆ, ಹೆಸರು ಕೂಗುತ್ತೇನೆ, ಕುರ್ಚಿ ಒರೆಸುತ್ತೇನೆ. ನಾಲ್ಕನೇ ಇಯತ್ತೆ ಕಲಿತವನಿಗೆ ಇಷ್ಟು ಸಾಕು. ತಿಂಗಳಿಗೆ ಒಂದೆರಡು ಸಲ ಡಾಕ್ಟರ್ ಮೇಡಂ ಸವಣೂರು, ಶಿಗ್ಗಾವಿ, ಹಿರೇಕೆರೂರು ಕಡೆ ಕ್ಯಾಂಪ್ ಮಾಡುತ್ತಾರೆ. ಪೆಟ್ಟಿಗೆ ಹೊತ್ತುಕೊಂಡು ನಾನೂ ಹೋಗುತ್ತೇನೆ.

ನನ್ನ ಹಲ್ಲಿನ ಕಥೆ ಬೇರೆ. ಮೂವತ್ತು ವರ್ಷ ತಂಬಾಕು ಸುಣ್ಣ ತಿಕ್ಕಿ ತಿಂದವನು. ವಸಡಿನಲ್ಲಿ ರಕ್ತ ಬರುತ್ತಿತ್ತು. ಕೆಳಗಿನ ಎರಡು ಹಲ್ಲು ಅಲುಗುತ್ತಿದ್ದವು. ಹಿಂಗೇ ಬಿಟ್ಟರೆ ಎಲ್ಲಾ ಉದುರುತ್ತಾವೆ ಅಂತ ನನಗೂ ಗೊತ್ತಿತ್ತು. ಆದರೆ ಅಂಜಿಕೆ. ಮೇಡಂ ಮುಂದೆ ಬಾಯಿಗೆ ಕೈ ಅಡ್ಡ ಹಿಡಿದು ಮಾತಾಡುತ್ತಿದ್ದೆ. ಅವರು ಅದನ್ನ ಮರ್ಯಾದೆ ಅಂತ ತಿಳಿದಿದ್ದರು.

ಜನಕ್ಕೆ ಹಲ್ಲು ಇರುವ ತನಕ ದವಾಖಾನೆಯಲ್ಲಿ ನಗುವಂಥದ್ದು ನಡೆಯುತ್ತಲೇ ಇರುತ್ತದೆ. ಸಂಜೆ ಮನೆಗೆ ಹೋಗಿ ಎಲ್ಲಾ ಹೆಂಡತಿಗೆ ಹೇಳುತ್ತಿದ್ದೆ. ಈಗ ಬರೆದು ಇಡುತ್ತಿದ್ದೇನೆ.

ಆಡೂರಿನ ಅಜ್ಜಿ

ಆಡೂರಿನಿಂದ ಒಬ್ಬ ಅಜ್ಜಿ ಬಂದಿದ್ದಳು. ಹಲ್ಲು ಕಾಡಿಗೆ ಹಚ್ಚಿದಂಗೆ ಕರ್ರಗೆ.

"ತಂಬಾಕ ತಿಂತೀಯೇನಬೇ?" ಮೇಡಂ ಕೇಳಿದರು.

"ಶಿವನ, ಮುಟ್ಟಂಗಿಲ್ರಿ. ನಮ್ಮ ಮನಿತನದಾಗ ಹೆಣ್ಮಕ್ಕಳು ಯಾರೂ ತಿನ್ನಂಗಿಲ್ಲ."

"ಮತ್ತ ಹಲ್ಲು ಯಾತರಿಂದ ತಿಕ್ಕತೀ?"

"ಮಿಶ್ರಿಯಿಂದ್ರಿ."

ಮಿಶ್ರಿ ಅಂದರೆ ತಂಬಾಕನ್ನ ಕರ್ರಗೆ ಹುರಿದು ಮಾಡಿದ ಪುಡಿ. ಬೆರಳಿಗೆ ಹಚ್ಚಿಕೊಂಡು ತಿಕ್ಕುತ್ತಾರೆ.

"ದಿನಕ್ಕ ಎಷ್ಟ ಸಲ?"

"ನೀವು ಡಾಕ್ಟರ್ ಮಂದಿ ಎರಡ ಸಲ ತಿಕ್ಕರಿ ಅಂತೀರಿ. ನಾ ಆರ ಸಲ ತಿಕ್ಕತೇನ್ರಿ. ಸ್ವಚ್ಛ ಇರಬೇಕಲ್ರಿ."

ಮೇಡಂ ಬೈಯಲಿಲ್ಲ. ಕನ್ನಡಿ ಕೈಗೆ ಕೊಟ್ಟು ಅವಳ ವಸಡು ಅವಳಿಗೇ ತೋರಿಸಿದರು. ಮಿಶ್ರಿನೂ ತಂಬಾಕೇ ಅಂತ ತಿಳಿಸಿ ಹೇಳಿದರು. ಮೆತ್ತನ ಬ್ರಷ್, ಪೇಸ್ಟ್ ಕೊಟ್ಟು ಕಳಿಸಿದರು. ಅಜ್ಜಿ ಮಾತು ಕೇಳಿದಳು. ತಿಂಗಳು ಬಿಟ್ಟು ಬಂದಾಗ ವಸಡು ಸುಧಾರಿಸಿತ್ತು.

"ಹೆಂಗೈತೆಬೇ ಪೇಸ್ಟು?"

"ಚಲೋ ಐತ್ರಿ. ಆದ್ರ ಎಷ್ಟ ತಿಕ್ಕಿದ್ರೂ ತಲಿ ಗಿಮ್ಮ ಅನ್ನಂಗಿಲ್ರಿ."

ಇದನ್ನ ಹೇಳಿದಾಗ ನಮ್ಮನಿಯಾಕಿ ಸೆರಗು ಬಾಯಿಗೆ ಹಿಡಿದು ನಕ್ಕಳು. ನಕ್ಕು ಮುಗಿಸಿ, "ಆ ಮುದುಕಿ ಬಿಟ್ಲಲ್ಲ. ನೀವ್ಯಾವಾಗ ಬಿಡತೀರಿ?" ಅಂದಳು.

ನಾನು ಎಮ್ಮೆಗೆ ನೀರು ಕುಡಿಸಲು ಎದ್ದು ಹೋದೆ. ಎಮ್ಮೆ ಆಗಲೇ ಕುಡಿದಿತ್ತು.

ಸವಣೂರಿನ ಎಲೆ ಅಂಗಡಿಯವರು

ಸವಣೂರಿನಲ್ಲಿ ಕ್ಯಾಂಪ್. ಪಾಳಿ ದೊಡ್ಡದಿತ್ತು. ಅರ್ಧ ಮಂದಿಯ ಬಾಯಿ ಕೆಂಪಗೆ. ಎಪ್ಪತ್ತು ದಾಟಿದ ಒಬ್ಬ ಸಾಹೇಬರು ಬಂದು ಕೂತರು. ಬಾಯಿ ತೆಗೆದರೆ ಮುತ್ತು ಪೋಣಿಸಿದಂಗೆ ಹಲ್ಲು.

"ಕಾಕಾ, ಬಂದ ನೋಡ್ರಿಲ್ಲೆ," ಅಂತ ಮೇಡಂ ನನ್ನನ್ನೂ ಕರೆದರು. "ಏನ ಮಾಡ್ತೀರಿ ಸಾಹೇಬ್ರ ಈ ಹಲ್ಲಿಗೆ?"

"ಮಿಸ್ವಾಕ್ ಕಡ್ಡಿರಿ. ಐದೂ ಹೊತ್ತು, ನಮಾಜಿಗೆ ಮೊದಲ. ಏನ ತಿಂದ್ರೂ ಬಾಯಿ ಮುಕ್ಕಳಸ್ತೇನಿ. ಅಷ್ಟ."

"ಎಲಿ ಅಡಿಕಿ?"

ಅವರು ದನಿ ಸಣ್ಣದು ಮಾಡಿದರು. "ನಂದು ಎಲಿ ಅಡಿಕಿ ಅಂಗಡಿರಿ. ನಲವತ್ತ ವರ್ಷಾತು. ಬಾಯಾಗ ಹಾಕಿಲ್ಲ."

ಮೇಡಂಗೆ ಬಾಳ ಖುಷಿ. ಪಾಳಿ ಕಡೆ ತಿರುಗಿ ಎಲ್ಲರಿಗೂ ಕೇಳುವಂಗೆ ಅಂದರು, "ಕೇಳಿದ್ರೇನ್ರಿ? ಮಾರೋವರ ತಿನ್ನಂಗಿಲ್ಲಂತ. ಅದಕ್ಕ ಇವರ ಹಲ್ಲು ಹಿಂಗದಾವ."

ಸಾಹೇಬರು ಕೈ ಮುಗಿದರು. "ಮೇಡಂ, ಸಾವಕಾಶ ಹೇಳ್ರಿ. ಇವರೆಲ್ಲಾ ನನ್ನ ಗಿರಾಕಿ."

"ನಿಮ್ಮ ಹಲ್ಲಿಗೆ ಏನೂ ಆಗಿಲ್ಲ. ಮತ್ತ ಇಷ್ಟೊತ್ತು ಪಾಳೇಕ ಯಾಕ ನಿಂತ್ರಿ?"

"ಎಲ್ಲಾರೂ ಇಲ್ಲೇ ಬಂದಾರ್ರಿ. ಅಂಗಡ್ಯಾಗ ನಾ ಒಬ್ಬನ ಕುಂತ ಏನ ಮಾಡ್ಲಿ?"

ಹೋಗುವಾಗ ನನ್ನ ಕೈಯಲ್ಲಿ ಒಂದು ಮಿಸ್ವಾಕ್ ಕಡ್ಡಿ ಇಟ್ಟು ಹೋದರು. ಎಲೆ ಕೊಡಲಿಲ್ಲ. ನಾನು ಕೈ ಅಡ್ಡ ಹಿಡಿಯುವ ಮೊದಲೇ ನನ್ನ ಬಾಯಿ ನೋಡಿದ್ದರು ಅಂತ ಕಾಣುತ್ತದೆ. ದೊಡ್ಡ ಮನುಷ್ಯ. ಈಗಲೂ ನೆನೆಸುತ್ತೇನೆ.

ಸಾಲಿಯಲ್ಲಿ ಪೇಡೆ

ಹಿರೇಬೆಂಡಿಗೇರಿ ಸಾಲಿಯಲ್ಲಿ ಮೇಡಂ ಒಂದು ತಾಸು ಮಾತಾಡಿದರು. ಪೇಡೆ, ಚಾಕ್ಲೇಟು ಹಲ್ಲಿಗೆ ಮೆತ್ತಿಕೊಳ್ಳುತ್ತಾವೆ, ಅಲ್ಲೇ ಹುಳುಕು ಹಿಡಿಯುತ್ತದೆ. ಸೌತಿಕಾಯಿ ತಿನ್ನಿರಿ, ಗಜ್ಜರಿ ತಿನ್ನಿರಿ, ಕಾಳು ಪಲ್ಯ, ಮೆಂತ್ಯ ಸೊಪ್ಪು ತಿನ್ನಿರಿ, ಮಜ್ಜಿಗೆ ಕುಡಿಯಿರಿ. ರಾತ್ರಿ ಹಲ್ಲು ತಿಕ್ಕದೆ ಮಲಗಬ್ಯಾಡ್ರಿ. ಮಕ್ಕಳು ಹೂಂ ಅಂದವು.

ಆಮೇಲೆ ಹೆಡ್ ಮಾಸ್ತರು ಎದ್ದು ಮೇಡಂಗೆ ಶಾಲು ಹೊದಿಸಿದರು. ಮೇಡಂ ಬಂದ ಸಂತೋಷಕ್ಕೆ ಅಂತ ಎಲ್ಲಾ ಮಕ್ಕಳಿಗೂ ಒಂದೊಂದು ಪೇಡೆ ಹಂಚಿಸಿದರು.

ಒಬ್ಬ ಸಣ್ಣ ಹುಡುಗಿ ಪೇಡೆ ಅಂಗೈಯಲ್ಲಿ ಇಟ್ಟುಕೊಂಡು ಬಂದಳು. "ಮೇಡಂರಿ, ಇದನ್ನ ತಿಂದ ತಿಕ್ಕೂದೋ, ತಿಕ್ಕಿ ತಿನ್ನೂದೋ?"

ಮೇಡಂ ಮಾಸ್ತರ ಕಡೆ ನೋಡಿದರು. ಮಾಸ್ತರು ಫ್ಯಾನಿನ ಕಡೆ ನೋಡಿದರು. ಅವರ ಬಾಯಲ್ಲಿ ಪೇಡೆ ಇತ್ತು.

"ತಿನ್ನವಾ. ತಿಂದ ಕೂಡ್ಲೇ ಬಾಯಿ ಮುಕ್ಕಳಸು," ಅಂದರು ಮೇಡಂ.

ಸಾಲಿಗೆ ಸಾಲಿಯೇ ನಳದ ಹತ್ತಿರ ಓಡಿತು. ಮುಕ್ಕಳಿಸಿದ್ದೇ ಮುಕ್ಕಳಿಸಿದ್ದು. ಟಾಕಿ ಖಾಲಿ ಆಯಿತು. ಕಡೆಗೆ ನೀರು ಸಿಗದೆ ಉಳಿದವರು ಹೆಡ್ ಮಾಸ್ತರು ಒಬ್ಬರೇ.

ಹೊಸ ಹಲ್ಲು

ಹಂಸಭಾವಿಯ ಒಬ್ಬ ಯಜಮಾನರಿಗೆ ಬಾಯಲ್ಲಿ ಒಂದೂ ಹಲ್ಲು ಇರಲಿಲ್ಲ. ಮೇಡಂ ಪೂರಾ ಸೆಟ್ ಮಾಡಿಸಿ ಕೊಟ್ಟರು. ಮುಂದಿನ ಸಲ ಹಿರೇಕೆರೂರಿನ ಕ್ಯಾಂಪಿಗೆ ಬಂದಾಗ ಸೆಟ್ ಅಂಗಿಯ ಕಿಸೆಯಲ್ಲಿತ್ತು. ಕರವಸ್ತ್ರದಲ್ಲಿ ಸುತ್ತಿ, ಮೇಲೆ ದಾರ ಕಟ್ಟಿದ್ದರು.

"ಯಾಕ್ರಿ, ಚುಚ್ಚತಾವೇನು?"

"ಇಲ್ರಿ, ಭಾಳ ಚಲೋ ಕುಂತಾವು."

"ಉಣ್ಣಾಗ ಹಾಕ್ಕೋತೀರಿಲ್ಲೋ?"

"ಉಣ್ಣಾಗ ತಗದ ಇಡತೇನ್ರಿ. ಹೊಸಾವು. ಸವದ ಗಿವದಾವು."

"ಉಣ್ಣಾಕಂತನ ಮಾಡಿ ಕೊಟ್ಟೇನ್ರೀ."

"ಉಣ್ಣಾಕ ವಸಡ ಅದಾವಲ್ರಿ. ಹತ್ತ ವರ್ಷ ದುಡದಾವು, ಅವಕ್ಕ ರೂಢಿ ಐತಿ. ಇವು ಬೀಗರು ಬಂದಾಗ ಹಾಕ್ಕೊಳ್ಳಾಕ."

ಇದಕ್ಕೆ ಮಾತ್ರ ನಮ್ಮನಿಯಾಕಿ ನಗಲಿಲ್ಲ. "ಅವರಿಗೆ ಹಲ್ಲು ಹೋದ ಮ್ಯಾಲ ಬೆಲಿ ಗೊತ್ತಾತು. ನಿಮಗಿನ್ನೂ ಅದಾವ," ಅಂದಳು.

ಮಗಳ ಮನೆ ರೊಟ್ಟಿ

ಅಕಿ ಹೋದ ಮೇಲೆ ಮಗಳು ನನ್ನನ್ನ ಶಿಗ್ಗಾವಿಗೆ ಕರೆದುಕೊಂಡು ಹೋದಳು. ಎಂಟು ದಿನ ಇದ್ದೆ. ಮೊದಲ ದಿನವೇ ತಾಟಿನಲ್ಲಿ ಕಡಕ್ ಜೋಳದ ರೊಟ್ಟಿ. ಒಂದು ಚೂರು ಮುರಿದು ಬಾಯಿಗೆ ಹಾಕಿಕೊಂಡೆ. ಆ ಕಡೆ ದವಡೆಗೆ ದೂಡಿದೆ, ಈ ಕಡೆ ದೂಡಿದೆ. ಆಗಲಿಲ್ಲ. ಸುಮ್ಮನೆ ಬೇಳೆಯಲ್ಲಿ ನೆನೆ ಹಾಕಿದೆ.

"ಯಾಕಪ್ಪಾ, ರೊಟ್ಟಿ ಸೇರವಲ್ಲದೇನು?"

"ನಮ್ಮನ್ಯಾಗ ಮೆತ್ತನ ರೊಟ್ಟಿ ರೂಢಿ ಆಗೇತಿ. ನಿಮ್ಮವ್ವಗ ಕಡಕ್ ಸೇರತಿದ್ದಿಲ್ಲಲ್ಲ."

ಮಗಳು ಕೈಯಲ್ಲಿದ್ದ ಸೌಟು ಹಂಗೇ ಹಿಡಿದು ನಿಂತಳು. "ಅವ್ವಗ? ಯಾರ ಹೇಳಿದ್ರು?"

"ಅಕೀನ ಹೇಳತಿದ್ಲು."

"ಅಪ್ಪಾ, ಅವ್ವ ಇಲ್ಲೆ ಬಂದ್ಲಂದ್ರ ನಾಕ್ ಕಡಕ್ ರೊಟ್ಟಿ ತಿಂತಿದ್ಲು. ಶೇಂಗಾ ಚಟ್ನಿ ಮೊಸರ ಹಚ್ಚಿ, ಕಟಂ ಕಟಂ ಅಂತ. ಬಾಜೂ ಖೋಲಿಯಿಂದ ನಮ್ಮತ್ತಿ, ಯಾರವಾ ಅದು ಶೇಂಗಾ ಒಡಿಯಾಕತ್ತಾರ ಅಂತ ಕೇಳತಿದ್ರು."

ಹೇಳಿ ಮಗಳು ನಕ್ಕಳು. ನನಗೂ ನಗು ಬಂತು. ಅಕಿ ಹೋದ ಮೇಲೆ ಇಬ್ಬರೂ ನಕ್ಕಿದ್ದು ಅವತ್ತೇ ಮೊದಲು. ನಗುತ್ತಾ ಕಣ್ಣು ಒರೆಸಿಕೊಂಡೆವು.

ಹನ್ನೆರಡು ವರ್ಷ ನಮ್ಮ ಮನೆಯಲ್ಲಿ ಮೆತ್ತನ ರೊಟ್ಟಿ. ತಾನೇ ಕಡಕ್ ತಿನ್ನುವುದಿಲ್ಲ ಅಂತ ಓಣಿಗೆಲ್ಲಾ ಹೇಳಿಕೊಂಡಿದ್ದಳು. ಗಂಡನ ಹಲ್ಲು ಗಟ್ಟಿ ಇಲ್ಲ ಅಂತ ಒಬ್ಬರ ಮುಂದೂ ಅನ್ನಲಿಲ್ಲ. ನಾನು ನಂಬಿದ್ದೆ. ಬರೇ ನಂಬಿದ್ದರೆ ಇರಲಿ. ಒಂದು ದಿನ ಪಾಪ ಅನ್ನಿಸಿ, "ನಿನ್ನ ಹಲ್ಲು ಒಮ್ಮಿ ನಮ್ಮ ಮೇಡಂಗೆ ತೋರಸೂಣೇನು?" ಅಂತ ಅಕಿಗೇ ಕೇಳಿದ್ದೆ.

ನನ್ನ ಪಾಳಿ

ಶಿಗ್ಗಾವಿಯಿಂದ ಬಂದ ಮರುದಿನ ಕೆಲಸಕ್ಕೆ ಹೋದೆ. ಪಾಳಿಯಲ್ಲಿ ಹನ್ನೊಂದು ಮಂದಿ. ಎಲ್ಲರ ಚೀಟಿ ಬರೆದೆ. ಹನ್ನೆರಡನೇದು ನನ್ನದು ಬರೆದೆ. ಆದರೆ ನನ್ನ ಪಾಳಿ ಬರುವ ತನಕ ಕಾದರೆ ಧೈರ್ಯ ಹೋಗುತ್ತದೆ ಅಂತ ಅದನ್ನ ಮೇಲೆ ಇಟ್ಟುಕೊಂಡೆ. ಬಾಗಿಲಲ್ಲಿ ನಿಂತು ನನ್ನ ಹೆಸರು ಕೂಗಿದೆ. ರೂಢಿ ಪ್ರಕಾರ ಬೆಂಚಿನ ಕಡೆ ನೋಡಿದೆ. ಯಾರೂ ಏಳಲಿಲ್ಲ. ಮತ್ತೊಮ್ಮೆ ಕೂಗಿದೆ.

"ಬಂದಿಲ್ಲ ತಗೀರಿ, ಮುಂದಿನವರನ್ನ ಕರೀರಿ," ಅಂದ ಒಬ್ಬ.

"ಬಂದಾನ," ಅಂತ ಹೇಳಿ ಒಳಗೆ ಹೋದೆ.

ಮೇಡಂ ಚೀಟಿ ನೋಡಿದರು. ನನ್ನ ಮುಖ ನೋಡಿದರು. "ಕುಂದರ್ರಿ ಕಾಕಾ," ಅಂದರು.

ಆ ಕುರ್ಚಿ ಹಿಂದಕ್ಕೆ ವಾಲುತ್ತದೆ ಅಂತ ನನಗೆ ಗೊತ್ತು. ಆದರೂ ವಾಲಿದಾಗ ಬಾವಿಗೆ ಬಿದ್ದಂಗೆ ಆಯಿತು. ಮೇಲೆ ದೀಪ. ಕಣ್ಣು ಮುಚ್ಚಿಕೊಂಡೆ. ಬಾಯಿ ತೆಗೆದೆ. ತಣ್ಣಗೆ ಏನೋ ಒಂದು ಹಲ್ಲಿಗೆ ತಾಗಿತು.

ಕೂಗಿದೆ. ಹೆಂಗೆ ಕೂಗಿದೆ ಅಂದರೆ, ಮುಂದಿನ ಓಣಿಯ ನಾಯಿ ಬೊಗಳಿತು.

"ಕಾಕಾ," ಮೇಡಂ ಅಂದರು, "ಇದು ಬರೇ ಕನ್ನಡಿ."

ಹೊರಗೆ ಬೆಂಚು ಸರಿದ ಸಪ್ಪಳ. ಆಮೇಲೆ ಕಾಲಿನ ಸಪ್ಪಳ. ಆಮೇಲೆ ಏನೂ ಇಲ್ಲ.

ಮೇಡಂ ಬಾಯಿಯೆಲ್ಲಾ ನೋಡಿದರು. ತಂಬಾಕು ಹಿಡಿದು ಎಷ್ಟು ವರ್ಷ ಆಯಿತು ಅಂತ ಕೇಳಿದರು. ಹೇಳಿದೆ. ಸೂಜಿ ಮಾಡಿ ಅಲುಗುವ ಎರಡು ಹಲ್ಲು ತೆಗೆದರು. ಉಳಿದವುಗಳ ಬುಡಕ್ಕೆ ಕಟ್ಟಿದ್ದ ಕಿಟ್ಟ ಕೆರೆದು ತೊಳೆದರು. "ತಂಬಾಕ ಬಿಟ್ರ ಇವೆಲ್ಲಾ ಉಳೀತಾವ. ಬಿಡಲಿಲ್ಲಂದ್ರ ನಾನೂ ಏನೂ ಮಾಡಾಕ ಆಗಂಗಿಲ್ಲ," ಅಂದರು. ಕಿಸೆಯಿಂದ ತಂಬಾಕಿನ ಚೀಲ ತೆಗೆದು ಅವರ ಕೈಗೆ ಕೊಟ್ಟೆ. ಅವರು ಕಸದ ಡಬ್ಬಿಗೆ ಹಾಕಿದರು. ಆ ಡಬ್ಬಿ ಚೆಲ್ಲುವವನೂ ನಾನೇ. ಅದೊಂದು ಫಜೀತಿ. ಹಿತ್ತಲಿಗೆ ಹೋಗಿ ಚೆಲ್ಲಿ ಬಂದೆ.

ಬಾಯಲ್ಲಿ ಅರಳೆ ಕಚ್ಚಿಕೊಂಡು ಹೊರಗೆ ಬಂದು ನೋಡಿದರೆ ಬೆಂಚು ಖಾಲಿ. ಹನ್ನೊಂದು ಮಂದಿಯಲ್ಲಿ ಒಬ್ಬರೂ ಇಲ್ಲ. ಬಾಗಿಲಲ್ಲಿ ಒಂದು ಹೆಣ್ಣುಮಗಳ ಚಪ್ಪಲಿ ಬಿದ್ದಿತ್ತು. ಒಂದೇ ಕಾಲಿನದು.

ಮೇಡಂ ನನ್ನ ಹಿಂದೆ ಬಂದು ನಿಂತರು. "ಇಷ್ಟ ವರ್ಷ ಏನೂ ಆಗಂಗಿಲ್ಲ, ಇರಿವಿ ಕಡದಂಗ ಆಗತೈತಿ ಅಂತ ಹೇಳಿ ಮಂದೀನ ಒಳಗ ಕಳಿಸಿದ್ರಿ ಕಾಕಾ. ಇವತ್ತ ಒಂದ ಕೂಗಿಗೆ ಎಲ್ಲಾರನೂ ಮನಿಗೆ ಕಳಿಸಿದ್ರಿ."

ಅರಳೆ ಇತ್ತು. ನಗಲು ಬರಲಿಲ್ಲ. ಮೇಡಂ ಇಬ್ಬರದೂ ಸೇರಿಸಿ ನಕ್ಕರು.

ಮರುದಿನ ಮುಂಜಾನೆ ಬೇಗ ಎದ್ದೆ. ಉಪ್ಪು ನೀರಿನಲ್ಲಿ ಬಾಯಿ ಮುಕ್ಕಳಿಸಿದೆ. ಅವರು ತೋರಿಸಿದಂಗೆ ಮೆತ್ತನ ಬ್ರಷ್ಷಿನಲ್ಲಿ ಸಾವಕಾಶ ತಿಕ್ಕಿದೆ. ದವಾಖಾನೆಗೆ ಹೋದರೆ ಮೆಟ್ಟಿಲ ಮೇಲೆ ಒಬ್ಬ ಹೆಣ್ಣುಮಗಳು ಕೂತಿದ್ದಳು. ಗಲ್ಲ ಬಾತಿತ್ತು. ಒಂದು ಕಾಲಿನಲ್ಲಿ ಚಪ್ಪಲಿ ಇತ್ತು.

"ಚಪ್ಪಲಿಗೆ ಬಂದೇನ್ರಿ ಅಣ್ಣಾರ," ಅಂದಳು.

ತೆಗೆದು ಕೊಟ್ಟೆ. ಹಾಕಿಕೊಂಡಳು. ಏಳಲಿಲ್ಲ.

"ನಿನ್ನಿ ನೀವು ಕೂಗಿದ್ರಿ. ಭಾಳ ನೋವಾತೇನ್ರಿ?"

ಇರಿವಿ ಅನ್ನುವ ಮಾತು ನಾಲಿಗೆ ತನಕ ಬಂತು. ನುಂಗಿದೆ.

"ಕನ್ನಡಿಗೆ ಕೂಗಿದೆ ತಂಗಿ. ಅದು ನನ್ನ ಅಂಜಿಕಿ. ಸೂಜಿ ಮಾಡಿದಾಗ ಮಾತ್ರ ನೋವಾತು. ಆಮ್ಯಾಲ ಅಷ್ಟ ಆಗಲಿಲ್ಲ. ನೋಡ ಇಲ್ಲೆ."

ಕೈ ಅಡ್ಡ ಹಿಡಿಯದೆ ಬಾಯಿ ತೆಗೆದು ತೋರಿಸಿದೆ. ಎರಡು ಹಲ್ಲು ಇಲ್ಲದ ಜಾಗ, ಉಳಿದವು ಬೆಳ್ಳಗೆ. ಅವಳು ಬಗ್ಗಿ ನೋಡಿದಳು. ಬಾತ ಗಲ್ಲ ಹಿಡಿದುಕೊಂಡೇ ಒಂದಿಷ್ಟು ನಕ್ಕಳು.

"ನೀವು ಬಾಜೂಕ ನಿಂದರತೀರೇನ್ರಿ?"

"ನಿಂದರತೇನಿ. ಬಾ."

ಎರಡೂ ಚಪ್ಪಲಿ ಬಾಗಿಲಲ್ಲಿ ಬಿಟ್ಟು ಒಳಗೆ ಬಂದಳು.