ಹುಲ್ಲಿನ ಟ್ಯಾಂಕರಿನ ನಾಲ್ಕು ತಾಲ್ಲೂಕು

ಕೆಲವರ ಕೆಲಸದಲ್ಲಿ ವರ್ಷಕ್ಕೊಮ್ಮೆ ನಗುವಂಥದ್ದು ಏನಾದರೂ ನಡೆಯುತ್ತದಂತೆ. ನಮ್ಮ ಕೆಲಸದಲ್ಲಿ ಅಂಥದ್ದು ನಡೆಯದ ದಿನವೇ ಅಪರೂಪ. ನಾವು ಮಾತ್ರ ನಗುವಂತಿಲ್ಲ, ಪೈಪು ನಮ್ಮ ಕೈಯಲ್ಲಿರುತ್ತದೆ.

ನಾನು ಇಳಿಜಾರಿಗೆ ಹುಲ್ಲು ಹೊಡೆಯುವ ತಂಡದ ಮೇಸ್ತ್ರಿ. ಬಿತ್ತುವುದಲ್ಲ, ನೆಡುವುದಲ್ಲ, ಹೊಡೆಯುವುದು. ರಸ್ತೆ ಅಗಲ ಮಾಡಲು ಗುಡ್ಡ ಕಡಿಯುತ್ತಾರಲ್ಲ, ಆ ಕಡಿದ ಬದಿ ಬೋಳಾಗಿ ನಿಂತಿರುತ್ತದೆ. ಮಳೆ ಬಂದರೆ ಮಣ್ಣೆಲ್ಲ ರಸ್ತೆಗೆ ಇಳಿಯುತ್ತದೆ. ಕೈಯಿಂದ ಬೀಜ ಎರಚಿದರೆ ಅದೂ ಜಾರಿ ಚರಂಡಿ ಸೇರುತ್ತದೆ. ಅದಕ್ಕೇ ಟ್ಯಾಂಕರಿನಲ್ಲಿ ನೀರು, ಹುಲ್ಲಿನ ಬೀಜ, ಗೊಬ್ಬರ, ನೆನೆಸಿ ಅರೆದ ಕಾಗದ, ಒಂದಿಷ್ಟು ಅಂಟು ಎಲ್ಲ ಹಾಕಿ ಕಲಸಿ, ಗೋಡೆಗೆ ಬಣ್ಣ ಹೊಡೆದ ಹಾಗೆ ಪೈಪಿನಲ್ಲಿ ಹೊಡೆಯುತ್ತೇವೆ. ಬೀಜ ಅಂಟಿಕೊಂಡಲ್ಲೇ ಮೊಳೆತು, ಬೇರು ಬಿಟ್ಟು ಮಣ್ಣು ಹಿಡಿಯುತ್ತದೆ. ಕಂಟ್ರಾಕ್ಟರ್ ಇದಕ್ಕೆ ಹೈಡ್ರೋಸೀಡಿಂಗ್ ಅನ್ನುತ್ತಾರೆ, ಊರವರು ಹುಲ್ಲಿನ ಟ್ಯಾಂಕರ್ ಅನ್ನುತ್ತಾರೆ. ಎಲ್ಲಿ ಹೊಡೆದೆವು, ಎಲ್ಲಿ ಬಿಟ್ಟೆವು ಎಂದು ಕಾಣಲಿ ಅಂತ ಅದಕ್ಕೆ ಹಸಿರು ಬಣ್ಣವನ್ನೂ ಬೆರೆಸುತ್ತೇವೆ. ಆ ಬಣ್ಣಕ್ಕೆ ಬೇರೆ ಉಪಯೋಗವಿಲ್ಲ. ನಮ್ಮ ಅರ್ಧ ಕಷ್ಟ ಮಾತ್ರ ಅದರಿಂದಲೇ.

ಆ ವರ್ಷ ನಾಲ್ಕು ತಾಲ್ಲೂಕಿನಲ್ಲಿ ಒಂದೊಂದು ಕಡೆ ನಮಗೆ ಕೆಲಸ ಕೊಟ್ಟರು, ಪರೀಕ್ಷೆಗೆ ಅಂತ. ಇಂಜಿನಿಯರ್ ಸಾಹೇಬರು ಮಳೆಗಾಲದಲ್ಲಿ ಬಂದು ನೋಡುತ್ತಾರೆ. ಮಣ್ಣು ನಿಂತಿದ್ದರೆ ಟ್ಯಾಂಕರ್ ಇರುತ್ತದೆ, ಇಲ್ಲದಿದ್ದರೆ ಎಲ್ಲ ಕಡೆ ಕಲ್ಲು ಕಟ್ಟಿಸುತ್ತಾರೆ. ಕಂಟ್ರಾಕ್ಟರ್ ಇದನ್ನು ನನಗೂ ಡ್ರೈವರನಿಗೂ ಚಿಕ್ಕದಾಗಿ ಹೇಳಿದರು: "ಮಣ್ಣು ರಸ್ತೆಗೆ ಬಂದ್ರೆ ನೀವು ಮನೆಗೆ ಹೋಗ್ತೀರಿ." ಈ ಕೆಲಸ ಹೋದರೆ ನನಗೆ ಮತ್ತೆ ಹಳೆಯ ಬೋರ್‌ವೆಲ್ ಲಾರಿಯೇ ಗತಿ. ಅದರ ಸದ್ದಿನಲ್ಲಿ ಒಂದು ಕಿವಿ ಆಗಲೇ ಹೋಗಿತ್ತು. ಇನ್ನೊಂದನ್ನು ಉಳಿಸಿಕೊಳ್ಳುವ ಆಸೆ ನನಗಿತ್ತು.

೧. ಶಿರಾದಲ್ಲಿ ಯಾರೋ ಬರುತ್ತಾರೆ

ಶಿರಾ ಹತ್ತಿರ ಹೆದ್ದಾರಿಯ ಪಕ್ಕದ ಏರು ದಿಬ್ಬಕ್ಕೆ ಬೆಳಿಗ್ಗೆ ಹೊಡೆಯಲು ಶುರುಮಾಡಿದೆವು. ಬೈಕಿನವನೊಬ್ಬ ನಿಲ್ಲಿಸಿ, ಯಾರು ಬರ್ತಾವ್ರೆ ಅಂತ ಕೇಳಿದ. ಯಾರೂ ಇಲ್ಲಪ್ಪ, ಹುಲ್ಲು ಬರುತ್ತೆ ಅಂದೆ. ಅವನು ಹಸಿರಾದ ದಿಬ್ಬವನ್ನು ನೋಡಿದ, ನನ್ನನ್ನು ನೋಡಿದ, ಗುಟ್ಟು ತಿಳಿದವನ ಹಾಗೆ ತಲೆಯಾಡಿಸಿದ. "ಆಯ್ತು ಬುಡಿ, ಹೇಳ್ಬಾರ್ದು ಅಂದಿರ್ತಾರೆ" ಅಂದು ಹೊರಟುಹೋದ.

ಅವನದೂ ತಪ್ಪಲ್ಲ. ನಮ್ಮ ಕಡೆ ಗೋಡೆಗೆ ಬಣ್ಣ ಬಿತ್ತು ಎಂದರೆ ದೊಡ್ಡವರು ಬರುತ್ತಾರೆ ಎಂದೇ ಅರ್ಥ. ಮಣ್ಣಿಗೇ ಬಣ್ಣ ಬಿತ್ತು ಎಂದರೆ ಬರುವವರು ಎಷ್ಟು ದೊಡ್ಡವರಿರಬೇಕು ಎಂದು ಜನ ಲೆಕ್ಕ ಹಾಕಿದರು. ಮಧ್ಯಾಹ್ನಕ್ಕೆ ಮಂತ್ರಿ ಎಂದಾಯಿತು. ಸಾಯಂಕಾಲಕ್ಕೆ ಅದಕ್ಕಿಂತ ಮೇಲಿನವರು ಎಂದಾಯಿತು. ಮಾರನೆಯ ದಿನ ಬಂದು ನೋಡಿದರೆ ಸರ್ವೀಸ್ ರಸ್ತೆಯ ಗುಂಡಿಗಳೆಲ್ಲ ಮುಚ್ಚಿದ್ದವು. ಮೋರಿಯ ಹೂಳು ಎತ್ತಿದ್ದರು. ರಸ್ತೆಯ ಎರಡೂ ಬದಿಗೆ ಬ್ಲೀಚಿಂಗ್ ಪೌಡರಿನ ಗೆರೆ ಎಳೆದಿದ್ದರು. ಇಸ್ತ್ರಿ ಮಾಡಿದ ಶರ್ಟಿನವರೊಬ್ಬರು ನನ್ನನ್ನು ಪಕ್ಕಕ್ಕೆ ಕರೆದು, ಕಾರುಗಳು ಯಾವ ಕಡೆಯಿಂದ ಬರುತ್ತವೆ ಅಂತ ಮೆಲ್ಲಗೆ ಕೇಳಿದರು. ನಾನು ಮತ್ತೆ ಹುಲ್ಲು ಅಂದೆ. ಗುಟ್ಟು ಬಿಡಲಿಲ್ಲವೆಂದು ಅವರಿಗೆ ಬೇಜಾರಾಯಿತು.

ಯಾರೂ ಬರಲಿಲ್ಲ. ಪ್ರೋಗ್ರಾಂ ಕ್ಯಾನ್ಸಲ್ ಆಯಿತಂತೆ ಎಂದು ಜನರೇ ಮಾತಾಡಿಕೊಂಡರು. ನಾವು ಪೈಪು ಸುತ್ತುತ್ತಿದ್ದಾಗ ಕಡ್ಲೆಕಾಯಿ ಮಂಡಿಯ ಹಿರಿಯ ವ್ಯಾಪಾರಿಯೊಬ್ಬರು ಬಂದು, ತಮ್ಮ ಗಲ್ಲಿಯ ಗೋಡೆಗೂ ಒಂದು ಸಲ ಹೊಡೆಯಿರಿ ಅಂದರು. ಸಿಮೆಂಟ್ ಗೋಡೆ ಸಾಹೇಬ್ರೆ, ಹುಲ್ಲು ಬರಲ್ಲ ಅಂದೆ.

"ಹುಲ್ಲು ಯಾರಿಗೆ ಬೇಕು ಭಾಯ್? ಬರೀ ಕಲರ್ ಹೊಡೀರಿ, ಬಸ್. ನಮ್ ಮೋರಿ ಕಟ್ಕೊಂಡು ವರ್ಷ ಆಯ್ತು."

೨. ಮಧುಗಿರಿಯ ಮೇಷ್ಟ್ರು

ಮಧುಗಿರಿ ಪಕ್ಕದ ಒಂದು ಕೆರೆಯ ಏರಿ ನಮ್ಮ ಎರಡನೆಯ ಜಾಗ. ಏರಿಯ ಕೆಳಗೇ ನಿವೃತ್ತ ಹೆಡ್‌ಮೇಷ್ಟ್ರೊಬ್ಬರ ಮನೆ. ಅವರು ದಿನಾ ಬೆಳಿಗ್ಗೆ ಮಂಕಿ ಟೋಪಿ ಹಾಕಿಕೊಂಡು ಏರಿಯ ಮೇಲೆ ನಡೆಯುತ್ತಿದ್ದರು. ಮೊದಲ ದಿನವೇ ನಮ್ಮನ್ನು ಸಾಲಾಗಿ ನಿಲ್ಲಿಸಿ, ಬೀಜ ಮೊಳೆಯಲು ಏನೇನು ಬೇಕು ಅಂತ ಕೇಳಿದರು. ಡ್ರೈವರ್ ನೀರು ಅಂದ. ಪೂರ್ತಿ ಉತ್ತರ ಹೇಳು ಅಂದರು.

ಇಳಿಜಾರಿಗೆ ಎರಚಿದ ಬೀಜ ಹುಟ್ಟುತ್ತದೆ ಎಂಬುದನ್ನು ಅವರು ಸುತರಾಂ ಒಪ್ಪಲಿಲ್ಲ. ಮಟ್ಟಸವಾದ ನೆಲದಲ್ಲೇ ಹುಟ್ಟುವುದು ಕಷ್ಟ, ಇನ್ನು ಗೋಡೆಯ ಹಾಗಿರುವ ಏರಿಯಲ್ಲಿ ಹುಟ್ಟುತ್ತದೆಯೇ ಎಂಬುದು ಅವರ ವಾದ. ಹುಟ್ಟಿದರೆ ತಾವೇ ಬಂದು ಎಲ್ಲರೆದುರು ಒಪ್ಪಿಕೊಳ್ಳುವುದಾಗಿ ಹೇಳಿದರು. ನಾವು ಹೊಡೆಯುವಾಗ ಗಾಳಿ ತಿರುಗಿ, ಒಂದಿಷ್ಟು ಹಸಿರು ರಸ ಹಾರಿ ಅವರ ಮನೆಯ ಹಳೆಯ ಕಾಂಪೌಂಡ್ ಗೋಡೆಗೆ ಬಿತ್ತು. ತೊಳೆದುಕೊಡಿ ಅಂದರು. ನಾಳೆ ತೊಳೆಯುತ್ತೇವೆ ಅಂದೆವು. ನಾಳೆ ನಾಳೆ ಎನ್ನುತ್ತ ಗೋಡೆ ಹಾಗೇ ಉಳಿಯಿತು.

ಆಮೇಲೆ ಅವರು ದಿನಾ ಬಂದು ಏರಿಯ ಮೇಲೆ ಬಗ್ಗಿ ನೋಡಿ, "ಇಲ್ಲ" ಎಂದು ಹೇಳಿ ಹೋಗುತ್ತಿದ್ದರು, ಹಾಜರಿ ಕರೆದ ಹಾಗೆ. ಬಿಸಿಲು ಜೋರಾಗಿತ್ತು, ಏರಿ ಒಣಗುತ್ತಿತ್ತು, ನನಗೂ ಒಳಗೊಳಗೇ ಪುಕಪುಕ ಶುರುವಾಗಿತ್ತು. ಒಂದು ದಿನ ಮೇಷ್ಟ್ರು ಏರಿಗೆ ಬರಲಿಲ್ಲ. ಮನೆಗೇ ಕರೆಸಿದರು. ಕಾಂಪೌಂಡ್ ಗೋಡೆಯ ಉದ್ದಕ್ಕೂ ಹುಲ್ಲು ಎಳೆಎಳೆಯಾಗಿ ಎದ್ದಿತ್ತು. ಗೋಡೆಯ ಹಿಂದೆ ಬಚ್ಚಲು, ಮನೆಯವರೆಲ್ಲರ ಸ್ನಾನದ ತೇವ ಅದಕ್ಕೆ ಸಿಕ್ಕಿತ್ತು.

ಮೇಷ್ಟ್ರು ಮಾತಿಗೆ ತಪ್ಪುವವರಲ್ಲ. ಹೆಂಡತಿಯನ್ನೂ ಪಕ್ಕದ ಮನೆಯವರನ್ನೂ ಹೊರಗೆ ಕರೆದು ಎಲ್ಲರೆದುರು ಹೇಳಿದರು: "ಗೋಡೆ ಮೇಲೆ ಹುಟ್ಟುತ್ತೆ ಅನ್ನೋದನ್ನ ನಾನು ಒಪ್ಪಿದ್ದೇನೆ. ಏರಿ ಮೇಲೆ ಯಾವಾಗ ಹುಟ್ಟುತ್ತೆ?"

೩. ಪಾವಗಡದ ಕಾವಲುಗಾರ

ಏರಿಯ ಮೇಲೂ ಹುಟ್ಟಿತು ಅನ್ನಿ, ಒಂದು ಮಳೆ ಬಿದ್ದ ಮೇಲೆ. ಪಾವಗಡದಲ್ಲಿ ತೊಂದರೆ ಬೇರೆ. ಅಲ್ಲಿ ಹುಲ್ಲು ಬೇಗ ಬಂತು, ಚೆನ್ನಾಗಿಯೇ ಬಂತು. ಸುತ್ತಮುತ್ತ ಎಲ್ಲ ಒಣಗಿರುವಾಗ ಅದೊಂದೇ ದಿಬ್ಬ ಹಸಿರಾಗಿ ನಿಂತರೆ ಊರಿನ ಕುರಿಗಳು ಎಷ್ಟು ದಿನ ಅಂತ ಬರೀ ನೋಡಿಕೊಂಡಿದ್ದಾವು?

ಕುರಿ ಯಾವ ಹೊತ್ತಿಗೆ ಯಾವ ದಾರಿಯಲ್ಲಿ ಬರುತ್ತದೆ ಎಂದು ತಿಳಿದವನೇ ಕಾವಲಿಗೆ ಬೇಕು ಎಂದು ನಾನು ತಲೆ ಓಡಿಸಿದೆ. ಅಂಥವನು ಕುರಿಗಾಹಿಯೇ ಆಗಿರಬೇಕು. ಒಬ್ಬನನ್ನು ಹುಡುಕಿ ಗೊತ್ತುಮಾಡಿದೆ. ಬಲು ನಿಯತ್ತಿನ ಮನುಷ್ಯ. ಕಂಬಳಿ ಹೊದ್ದು, ಕೋಲು ಹಿಡಿದು ದಿಬ್ಬದ ಮೇಲೆ ನಿಂತನೆಂದರೆ ಊರಿನ ಒಂದು ಕುರಿಯೂ ಅತ್ತ ಸುಳಿಯುತ್ತಿರಲಿಲ್ಲ. ಆದರೂ ಹುಲ್ಲು ದಿನದಿನಕ್ಕೆ ಮೋಟಾಗುತ್ತಿತ್ತು. ಒಂದು ದಿನ ಹೇಳದೆ ಹೋಗಿ ನೋಡಿದೆ. ದಿಬ್ಬದ ತುಂಬ ಅವನದೇ ಮಂದೆ ಮೇಯುತ್ತಿತ್ತು. ಬೇಲಿಯೇ ಎದ್ದು ಹೊಲ ಮೇಯ್ದರೆ ಯಾರಿಗೆ ಹೇಳೋಣ ಎಂದು ಕೂಗಾಡಿದೆ.

ಅವನು ಪೂರ್ತಿ ಕೇಳಿಸಿಕೊಂಡ. ಆಮೇಲೆ ಆ ಕಡೆಯ ತೆಲುಗು ಬೆರೆತ ಕನ್ನಡದಲ್ಲಿ ಸಮಾಧಾನವಾಗಿ ಕೇಳಿದ: "ಮಣ್ಣು ಹಿಡ್ಕಣಾದು ಬೇರು ಅಂತ ನೀವೇ ಚೆಪ್ಪಿದ್ರಿ ಗದಾ ಸಾರ್? ಬೇರು ಹಂಗೇ ಉಂದಿ, ಚೂಡಂಡಿ. ನಮ್ಮವು ಮೇಲಿಂದು ಮಾತ್ರ ತಿಂತಾವೆ. ಊರಿನವು ಬುಡಕ್ಕೇ ಕೀಳ್ತಾವೆ, ಅದಕ್ಕೇ ಬುಡಲ್ಲ."

ಬಗ್ಗಿ ಎಳೆದು ನೋಡಿದೆ. ಹುಲ್ಲು ಬರಲಿಲ್ಲ, ಬೇರು ಗಟ್ಟಿಯಾಗಿತ್ತು. ಅವನನ್ನೇ ಕಾವಲಿಗೆ ಉಳಿಸಿಕೊಂಡೆ. ಆ ವಾರವೇ ಇಂಜಿನಿಯರ್ ಸಾಹೇಬರು ಬಂದರು. ಮಣ್ಣು ಕದಲಿಲ್ಲ ಎಂದು ನೋಡಿಕೊಂಡು, ಒಂದೇ ಮಟ್ಟಕ್ಕೆ ಕತ್ತರಿಸಿದ ಹುಲ್ಲಿನ ಮೇಲೆ ಕೈಯಾಡಿಸಿ, ಇಷ್ಟು ನೀಟಾಗಿ ಕಟಿಂಗ್ ಮಾಡುವ ಮೆಷೀನ್ ನಿಮ್ಮ ಹತ್ತಿರ ಇದೆಯಾ, ಎಲ್ಲಿ ತೋರಿಸಿ ಅಂದರು. ನಾನು ಬಾಯಿ ತೆರೆಯುವ ಮೊದಲೇ ಡ್ರೈವರ್ ಹೇಳಿದ.

"ಮೆಷೀನ್ ನೀರು ಕುಡಿಯೋಕೆ ಹೋಗಿದೆ ಸಾರ್."

೪. ಕೊರಟಗೆರೆಯ ದಿಬ್ಬ

ಮೂರು ಕಡೆ ಹೇಗೋ ಪಾಸಾಯಿತು. ಉಳಿದದ್ದು ಕೊರಟಗೆರೆ ತಾಲ್ಲೂಕಿನ ತೋವಿನಕೆರೆ ಕಡೆಯ ದಿಬ್ಬ. ಅದೇ ಎಲ್ಲಕ್ಕಿಂತ ಕಡಿದು, ಬರೀ ಕೆಂಪು ಗರಸು, ಕೆಳಗೇ ರಸ್ತೆ. ಇದು ನಿಂತರೆ ನೀವೂ ನಿಂತ ಹಾಗೆ ಎಂದು ಸಾಹೇಬರು ಹೇಳಿ ಹೋಗಿದ್ದರು.

ಆ ದಿಬ್ಬಕ್ಕೆ ಹೊಡೆದದ್ದು ರಾಗಿ ಬಿತ್ತನೆಯ ಕಾಲದಲ್ಲಿ. ಟ್ಯಾಂಕರಿಗೆ ಬೀಜ ಸುರಿಯುತ್ತಿದ್ದಾಗ ಊರಿನ ಅಜ್ಜಿಯೊಬ್ಬಳು ಬಂದು ಇಣುಕಿ, ಏನೇನು ಹಾಕುತ್ತೀರಿ ಅಂತ ವಿಚಾರಿಸಿದಳು. ಬರೀ ಹುಲ್ಲಿನ ಬೀಜ ಅಂದೆ. ಅಜ್ಜಿ ನನ್ನನ್ನು ಕನಿಕರದಿಂದ ನೋಡಿದಳು. ಅಲ್ಲಿ ರಾಗಿ ಹೊಲಕ್ಕೆ ಬರೀ ರಾಗಿ ಬಿತ್ತುವವರು ಯಾರೂ ಇಲ್ಲ. ಸಾಲಿನ ನಡುವೆ ಅವರೆ, ತೊಗರಿ, ಹುಚ್ಚೆಳ್ಳು, ಸಾಸಿವೆ, ಜೋಳ ಎಲ್ಲ ಬೀಳಬೇಕು, ಅದಕ್ಕೆ ಅಕ್ಕಡಿ ಅನ್ನುತ್ತಾರೆ. "ಒಂದೇ ಬೀಜ ಬಿತ್ತಾರೇನಪ್ಪ ಯಾರಾದ್ರೂವೆ? ಭೂಮ್ತಾಯಿ ಏನಂದ್ಕಂಡಾಳು" ಅಂದಳು. ನಾನು ಆಯ್ತಜ್ಜಿ ಅಂದು, ಮುಚ್ಚಳ ತೆರೆದಿಟ್ಟು, ಎಲ್ಲರನ್ನೂ ಕರೆದುಕೊಂಡು ಟೀ ಕುಡಿಯಲು ಹೋದೆ. ವಾಪಸು ಬಂದಾಗ ಟ್ಯಾಂಕರಿನ ಸುತ್ತ ಹೆಂಗಸರು ನಿಂತು ಸೆರಗು ಕೊಡವಿಕೊಳ್ಳುತ್ತಿದ್ದರು. ಧೂಳಿರಬೇಕು ಎಂದುಕೊಂಡೆ. ಹೊಡೆಯುವಾಗ ಪೈಪು ನಡುನಡುವೆ ಕೆಮ್ಮಿತು. ಅದಕ್ಕೂ ಕಾರಣ ಹೊಳೆಯಲಿಲ್ಲ.

ಹೊಳೆದದ್ದು ದಿಬ್ಬದ ಮೇಲೆ ಅವರೆಯ ದಪ್ಪ ದಪ್ಪ ಎರಡೆಲೆ ಎದ್ದಾಗ. ಹುಲ್ಲೂ ಬಂದಿತ್ತು, ಆದರೆ ಅದನ್ನು ಹುಡುಕಬೇಕಿತ್ತು. ಕೀಳಿಸೋಣವೆಂದರೆ ಅಷ್ಟರಲ್ಲೇ ಒಂದೆರಡು ಮಳೆಯಾಗಿ, ಒಂದು ಹೆಂಟೆಯೂ ಕೆಳಗೆ ಬಂದಿರಲಿಲ್ಲ. ಸುಮ್ಮನಿದ್ದೆ. ಸಾಹೇಬರು ಬರುವ ಹೊತ್ತಿಗೆ ದಿಬ್ಬವೆಲ್ಲ ಹುಚ್ಚೆಳ್ಳಿನ ಹೂವಿನಿಂದ ಹಳದಿಯಾಗಿತ್ತು. ಸಿದ್ದರಬೆಟ್ಟಕ್ಕೆ ಹೋಗುವವರು ಕಾರು ನಿಲ್ಲಿಸಿ ಫೋಟೋ ತೆಗೆಸಿಕೊಳ್ಳುತ್ತಿದ್ದರು.

ಸಾಹೇಬರು ಜೀಪಿನಿಂದ ಇಳಿದು ಬಹಳ ಹೊತ್ತು ನೋಡಿದರು. ತಾವು ಕೇಳಿದ್ದು ಹುಲ್ಲು ಅಂದರು. ಒಳಗಿದೆ ಸಾರ್ ಅಂದೆ. ಒಂದೊಂದಕ್ಕೂ ಕೈ ತೋರಿಸಿ ಇದೇನು ಅದೇನು ಅಂತ ಕೇಳುತ್ತ ಹೋದರು. ನಾನು ತೊಗರಿ, ಅವರೆ, ಜೋಳ ಎಂದು ಹೇಳುತ್ತ ಹೋದೆ.

"ಅಲ್ಲಿ ಮೇಲೆ ತೂಗಾಡ್ತಿರೋದು?"

"ಕುಂಬಳಕಾಯಿ ಸಾರ್."

ಅವರು ಕನ್ನಡಕ ತೆಗೆದು ಒರೆಸಿದರು. ಹುಲ್ಲೊಂದನ್ನು ಬಿಟ್ಟು ಬೇರೆಲ್ಲ ಕಿತ್ತುಹಾಕಿ, ಇಲ್ಲದಿದ್ದರೆ ಪಾಸಿಲ್ಲ ಅಂದರು. ಕಿತ್ತರೆ ಮಣ್ಣು ಸಡಿಲವಾಗಿ ರಸ್ತೆಗೆ ಬರುತ್ತದೆ. ಬಂದರೆ ನಾನು ಮನೆಗೆ. ಕೀಳದಿದ್ದರೂ ಮನೆಗೆ. ಅಷ್ಟರಲ್ಲಿ ಅಜ್ಜಿ ಹೆಂಗಸರನ್ನು ಕಟ್ಟಿಕೊಂಡು ಬಂದು ಸಾಹೇಬರ ಮುಂದೆ ನಿಂತಳು. "ಹೂವಿಗೆ ಬಂದಿರೋ ಪೈರು ಕೀಳ್ತಾರೇನಪ್ಪ? ಬಸುರಿ ಮೇಲೆ ಕೈ ಎತ್ತಿದಂಗೆ ಕಣಪ್ಪ" ಅಂದಳು. ಸಾಹೇಬರಿಗೆ ಕಿವಿ ಕೆಂಪಾಯಿತು. ಸರಿ, ಇವತ್ತು ಸ್ಯಾಂಪಲಿಗೆ ಈ ಮೂಲೆಯೊಂದನ್ನು ಮಾತ್ರ ಕೀಳಿ, ಉಳಿದದ್ದು ಸೋಮವಾರ ಎಂದು ಹೇಳಿ ಹೊರಟರು. ಕಿತ್ತೆವು. ಹುಲ್ಲು ಮಾತ್ರ ಉಳಿದ ಆ ಮೂಲೆ ಕ್ಷೌರ ಮಾಡಿದ ಕೆನ್ನೆಯ ಹಾಗೆ ಕಾಣುತ್ತಿತ್ತು.

ಆ ಸಂಜೆಯೇ ಹಸ್ತದ ಮಳೆ ಹಿಡಿಯಿತು. ಬೆಳಿಗ್ಗೆ ಹೋಗಿ ನೋಡಿದರೆ ದಿಬ್ಬವೆಲ್ಲ ಇದ್ದ ಹಾಗೇ ಇತ್ತು, ಸ್ಯಾಂಪಲ್ ಒಂದು ಮಾತ್ರ ಪೂರ್ತಿ ರಸ್ತೆಗೆ ಬಂದಿತ್ತು. ನನಗೆ ಬೋರ್‌ವೆಲ್ ಲಾರಿಯ ಸದ್ದು ಕೇಳಿದ ಹಾಗಾಯಿತು. ಸಾಹೇಬರ ಜೀಪು ಬಂದು ಆ ಮಣ್ಣಿನ ಮುಂದೆ ನಿಂತಿತು. ಅವರು ಇಳಿದು, ನಿಂತ ದಿಬ್ಬವನ್ನು ನೋಡಿದರು, ಬಿದ್ದ ಮೂಲೆಯನ್ನು ನೋಡಿದರು. ಇಲ್ಲಿದ್ದ ಗಿಡಗಳನ್ನು ಕಿತ್ತದ್ದು ಯಾರು ಅಂತ ಕೇಳಿದರು. ಡ್ರೈವರ್ ಗಾಳಿ ಸಾರ್ ಅಂದ. ಸಾಹೇಬರು ಅದನ್ನು ಒಪ್ಪಿಕೊಂಡರು. ಸೋಮವಾರದ ಕೆಲಸ ಬೇಡ ಅಂದರು. ಜೀಪು ಹತ್ತುತ್ತ, ಮುಂದಿನ ಊರಿನ ದಿಬ್ಬವೂ ನಿಮಗೇ, ಅಲ್ಲೂ ಇದನ್ನೇ ಹೊಡೆಯಿರಿ, ಯಾವ ಬೀಜ ಎಷ್ಟು ಹಾಕಬೇಕು ಕೇಳಿಕೊಂಡು ಬನ್ನಿ ಅಂದರು. ನನಗೆ ಅಳು ಬರುವಷ್ಟು ಸಂತೋಷವಾಯಿತು.

ಅಜ್ಜಿಯನ್ನು ಕೇಳಿದೆ. "ಯಾರ್ ಏನ್ ಆಕವ್ರೋ ಯಾರಿಗ್ಗೊತ್ತಪ್ಪ. ಬಿತ್ತಿ ಮಿಕ್ಕಿದ್ದು ಅವರವರ ಮಡಕೇಲಿ ಏನಿತ್ತೋ ಅದು" ಅಂದಳು. ಹಾಗಾದರೆ ಮುಂದಿನ ಊರಿನ ಹೆಂಗಸರಿಗೆ ಹೇಳಿ ನಮ್ಮೆದುರಿಗೇ ಹಾಕಿಸಜ್ಜಿ, ಅಳೆದುಕೊಳ್ಳುತ್ತೇವೆ ಅಂದೆ. "ಗಂಡಸ್ರು ಗುಂಪು ಕಟ್ಕಂಡು ನೋಡ್ತಾ ನಿಂತಿದ್ರೆ ಯಾರ್ ಆಕ್ತಾರೆ, ನಾಚ್ಕೆ ಆಗಲ್ವಾ" ಅಂದಳು.

ಮುಂದಿನ ಊರಿಗೆ ಸಾಹೇಬರು ಖುದ್ದಾಗಿ ಬಂದರು. ಟ್ಯಾಂಕರ್ ನಿಲ್ಲಿಸಿ ಮುಚ್ಚಳ ತೆಗೆದೆವು. ಬಾಗಿಲು ಬಾಗಿಲಲ್ಲಿ ಹೆಂಗಸರು ನಿಂತಿದ್ದರು, ಎಲ್ಲರ ಸೆರಗಿನಲ್ಲೂ ಬೀಜದ ಗಂಟಿತ್ತು, ಒಬ್ಬರೂ ಕದಲಲಿಲ್ಲ. ಸಾಹೇಬರು ಅವರನ್ನು ನೋಡಿದರು, ನಮ್ಮನ್ನು ನೋಡಿದರು, ಆಮೇಲೆ ಎದುರಿನ ಟೀ ಅಂಗಡಿಗೆ ನಡೆದರು. ನಾವೆಲ್ಲ ಅವರ ಪಕ್ಕದಲ್ಲಿ, ಟ್ಯಾಂಕರಿಗೆ ಬೆನ್ನು ಹಾಕಿ, ಬೆಂಚಿನ ಮೇಲೆ ಸಾಲಾಗಿ ಕೂತೆವು. ಹಿಂದುಗಡೆ ಬಳೆ ಸದ್ದಾಯಿತು. ಡ್ರೈವರ್ ಕತ್ತು ಹೊರಳಿಸಲು ಹೋದ. ಸಾಹೇಬರು ಟೀ ಲೋಟ ಕೆಳಗಿಟ್ಟು ಗದರಿದರು.

"ತಿರುಗ್ಬೇಡ್ರೀ. ಕೆಲಸ ನಡೀತಿದೆ."